ಒಂದು ಸ್ಟೇಷನ್ ಮುಂದಿನ ಸುಳ್ಳು

ನನ್ನ ಹೆಂಡತಿ ಅಡುಗೆಮನೆಯಿಂದ "ಊಟಕ್ಕೆ ಬನ್ರೀ" ಎಂದು ಕೂಗಿದರೆ ನಾನು ಕುರ್ಚಿಯಿಂದ ಏಳದೆ, ಪೇಪರು ಮಡಿಸದೆ, "ಮದ್ದೂರು ಬಿಟ್ಟೆ" ಎನ್ನುತ್ತೇನೆ. ಕುರ್ಚಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಬಾಗಿಲು. ಆದರೂ ಅವಳಿಗೆ ಗೊತ್ತು: ಮದ್ದೂರು ಬಿಟ್ಟೆ ಎಂದರೆ ನಾನಿನ್ನೂ ಚನ್ನಪಟ್ಟಣದಲ್ಲಿದ್ದೇನೆ, ಅಂದರೆ ಪೇಪರಿನ ಒಳಪುಟದಲ್ಲಿದ್ದೇನೆ. ಅವಳು ಸಾರಿನ ಪಾತ್ರೆಗೆ ಮತ್ತೆ ಮುಚ್ಚಳ ಹಾಕುತ್ತಾಳೆ. ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ಇದನ್ನು ಕೇಳಿಸಿಕೊಂಡು, ನನಗೆ ವಯಸ್ಸಿಗೆ ಮುಂಚೆಯೇ ಮರೆವು ಶುರುವಾಗಿದೆ ಎಂದುಕೊಂಡರು. ಹೊರಡುವಾಗ ನನ್ನ ಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು.

ಮರೆವಲ್ಲ, ಅದು ರೂಢಿ. ಮಂಡ್ಯದ ಕಚೇರಿಗೇ ವರ್ಗವಾಗುವ ತನಕ ನಾನು ಪಾಸಿನವನಾಗಿದ್ದೆ. ತಿಂಗಳ ಪಾಸು ಇಟ್ಟುಕೊಂಡು ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಜೆ ವಾಪಸು ಬರುವ ಜನ ನಾವು. ನಮಗೆ ನಮ್ಮದೇ ಆದ ಮಡಿ ಮೈಲಿಗೆಗಳಿವೆ. ಸಂಜೆ ಮೈಸೂರಿನ ಕಡೆ ಹೋಗುವ ರೈಲಿನಲ್ಲಿ ಬಲಗಡೆ ಕೂರುವವನು ಹೊಸಬ. ಬಿಸಿಲು ಅವನ ಮುಖಕ್ಕೇ ಬಡಿಯುತ್ತದೆ. ಪಾಸು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುವವನು ಧರ್ಮಭ್ರಷ್ಟ. ಮನೆಯಿಂದ ಫೋನು ಬಂದು "ಎಲ್ಲಿದ್ದೀರಿ?" ಎಂದು ಕೇಳಿದರೆ ಇರುವ ಊರನ್ನು ಹೇಳುವವನು ಬರೀ ದಡ್ಡ. ಮುಂದಿನ ಊರನ್ನು ಹೇಳಬೇಕು. ಕೆಂಗೇರಿಯಲ್ಲಿದ್ದರೆ ಬಿಡದಿ, ರಾಮನಗರದಲ್ಲಿದ್ದರೆ ಚನ್ನಪಟ್ಟಣ, ಚನ್ನಪಟ್ಟಣದಲ್ಲಿದ್ದರೆ ಮದ್ದೂರು.

ಇದನ್ನು ಸುಳ್ಳು ಎಂದು ಯಾರೂ ಅಂದುಕೊಂಡಿರಲಿಲ್ಲ. ಮನೆಯವರಿಗೂ ಈ ಲೆಕ್ಕ ಗೊತ್ತಿತ್ತು. ಅವರು ಒಂದು ಊರು ಹಿಂದಕ್ಕೆ ಸರಿದು ನಮ್ಮನ್ನು ಹುಡುಕಿಕೊಳ್ಳುತ್ತಿದ್ದರು. ರೈಲು ಸರಿಯಾಗಿ ಓಡುವ ದಿನ ಈ ಮಾತಿನ ಆಯುಸ್ಸು ಬಹಳ ಕಡಿಮೆ. ಹೇಳಿ ಫೋನು ಜೇಬಿಗೆ ಹಾಕುವಷ್ಟರಲ್ಲಿ ಅದು ನಿಜವಾಗಲು ಹೊರಟಿರುತ್ತಿತ್ತು.

ಇದರ ಬೇರು ಬಸರಾಳಿನ ನಮ್ಮ ಅಜ್ಜಿಯ ಮನೆಯಲ್ಲಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಮಧ್ಯಾಹ್ನದ ಊಟಕ್ಕೆ ತಾತನನ್ನು ಕರೆಯಲು ಅಜ್ಜಿ ನನ್ನನ್ನು ಕಬ್ಬಿನ ಗದ್ದೆಗೆ ಕಳಿಸುತ್ತಿದ್ದಳು. ತಾತ ಬಗ್ಗಿದ ಸೊಂಟ ಎತ್ತದೆ, "ಇದೊಂದು ಸಾಲು ಮುಗುಸ್ಬುಟ್ಟು ಬತ್ತೀನಿ ಅನ್ನು ಓಗು" ಎನ್ನುತ್ತಿದ್ದ. ನಾನು ಬದುವಿನ ಮೇಲೆ ಕಾಲು ಸುಟ್ಟುಕೊಂಡು ಓಡಿಬಂದು ಹೇಳಿದರೆ ಅಜ್ಜಿ, "ಒಂದು ಸಾಲಂತಾ? ಅಂಗಾರೆ ಈಗ್ಲೇ ಎಸರಿಡದು ಬ್ಯಾಡ ಬುಡು" ಎಂದು ಒಲೆಯಿಂದ ಸೌದೆ ಹಿಂದಕ್ಕೆಳೆಯುತ್ತಿದ್ದಳು. ಎಷ್ಟು ಚೆನ್ನಾಗಿದೆ! ಬದು, ಬಿಸಿಲು, ಸೌದೆ, ಎಲ್ಲವೂ ಇದ್ದಲ್ಲೇ ಇವೆ. ಇಷ್ಟು ಚೆನ್ನಾಗಿದೆ ಎಂಬುದೇ ನನಗೆ ಅನುಮಾನ. ಅಕ್ಕನನ್ನು ಕೇಳಿದೆ. ಅವಳು ನಕ್ಕಳು. "ತಾತ ಯಾವತ್ಲಾ ಗದ್ದೇಗೆ ಓದ? ಚಾವಡೀಲಿ ಕೂತು ಇಸ್ಪೀಟು ಆಡ್ತಿದ್ದ. ಇದೊಂದಾಟ ಮುಗುಸ್ಬುಟ್ಟು ಬತ್ತೀನಿ ಅಂತಿದ್ದ." ಹಾಗಾದರೆ ನನ್ನ ಕಾಲು ಸುಟ್ಟದ್ದು ಎಲ್ಲಿ? ಸುಟ್ಟದ್ದು ಮಾತ್ರ ನಿಜ, ಅಂಗಾಲಿಗೆ ಈಗಲೂ ನೆನಪಿದೆ. ಸುತ್ತಲಿನ ಗದ್ದೆಯನ್ನು ನಾನು ಆಮೇಲೆ ನೆಟ್ಟಿರಬೇಕು.

ಆದ್ದರಿಂದ ಮುಂದೆ ಹೇಳುವುದನ್ನು ಒಬ್ಬನೇ ನೆನಪಿಸಿಕೊಳ್ಳುವ ಧೈರ್ಯ ನನಗಿಲ್ಲ. ಅವತ್ತು ಜೊತೆಯಲ್ಲಿದ್ದ ಭಾಗ್ಯಕ್ಕನನ್ನೂ ಪುಟ್ಟಸ್ವಾಮಿಯನ್ನೂ ಕೇಳಿ ಬರೆಯುತ್ತಿದ್ದೇನೆ. ಭಾಗ್ಯಕ್ಕ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ರಾತ್ರಿಯ ಅಡುಗೆಗೆ ಬೇಕಾದ ಸೊಪ್ಪನ್ನು ರೈಲಿನಲ್ಲೇ ಬಿಡಿಸಿ, ದಂಟನ್ನು ಕಿಟಕಿಯಿಂದ ಆಚೆ ಎಸೆದು, ಮಂಡ್ಯ ಬರುವ ಹೊತ್ತಿಗೆ ಸೆರಗು ಕೊಡವಿ ಏಳುವವಳು. ಪುಟ್ಟಸ್ವಾಮಿ ಗೋದಾಮೊಂದರ ಗುಮಾಸ್ತ. ರೈಲಿನಲ್ಲಿ ಅವನ ಕೆಲಸ ರೈಲನ್ನು ಬಯ್ಯುವುದು. ಇಬ್ಬರ ಮಾತೂ ಪರಸ್ಪರ ಹೊಂದುವುದಿಲ್ಲ. ಅದೇ ನನಗೆ ಸ್ವಲ್ಪ ಸಮಾಧಾನ.

ಕಥೆ, ಕಥೆ ಅಲ್ಲ, ನಡೆದದ್ದು ನಿಂಗರಾಜುವಿನದು. ಮಂಡ್ಯದ ಪಕ್ಕದ ಗುತ್ತಲಿನ ಹುಡುಗ. ಹುಡುಗ ಎಂದು ನಾವು ಕರೆಯುತ್ತಿದ್ದೆವು, ಕಿವಿಯ ಪಕ್ಕ ಕೂದಲು ನೆರೆಯಲು ಹತ್ತಿತ್ತು. ಕೆಂಗೇರಿಯ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದ. ಅವನ ಫೋನು ಒಮ್ಮೆ ಕೆಳಗೆ ಬಿದ್ದು, ಕಿವಿಗಿಟ್ಟರೆ ಏನೂ ಕೇಳುತ್ತಿರಲಿಲ್ಲ. ಸ್ಪೀಕರು ಹಾಕಿಯೇ ಮಾತಾಡಬೇಕಿತ್ತು. ಹೀಗಾಗಿ ಅವನ ಬಾಳು ಇಡೀ ಬೋಗಿಗೆ ಬಾಯಿಪಾಠವಾಗಿತ್ತು. ಅವನಿಗೆ ಹೆಣ್ಣು ಸಿಗದಿರುವುದೂ ನಮಗೆ ಗೊತ್ತಿತ್ತು. ಒಂದು ಕಡೆಯವರು "ಬೆಳಕರಿಯಕ್ ಮುಂಚೆ ಓಗಿ ಕತ್ತಲಾದ್ಮೇಲೆ ಬರೋನಿಗೆ ಹೆಣ್ಣು ಕೊಟ್ಟು, ನಮ್ ಮಗಳು ಬಾಗಿಲು ಕಾಯ್ಕಂಡು ಕೂತ್ಕಬೇಕಾ?" ಎಂದದ್ದನ್ನು ನಾವೆಲ್ಲ ಒಟ್ಟಿಗೇ ಕೇಳಿ, ಒಟ್ಟಿಗೇ ತಲೆ ತಗ್ಗಿಸಿದ್ದೆವು. ನಮ್ಮ ಮನೆಗಳ ಬಾಗಿಲುಗಳೂ ಆ ಕ್ಷಣ ನಮಗೆ ನೆನಪಾಗಿದ್ದವು. ಇನ್ನೊಂದು ಕಡೆ ಅವನು ತಡವಾಗಿ ಹೋದನೆಂದೇ ಸಂಬಂಧ ಮುರಿದಿತ್ತು.

ಈ ಸಲದ ಹೆಣ್ಣು ಹಲಗೂರಿನ ಕಡೆಯವಳು, ಹೆಸರು ಪವಿತ್ರ. ಗುತ್ತಲಿಗೂ ಹಲಗೂರಿಗೂ ದೂರವಾಗುತ್ತದೆಂದು, ಹೆಣ್ಣು ನೋಡುವ ಶಾಸ್ತ್ರವನ್ನು ನಡುವೆ ಮದ್ದೂರಿನಲ್ಲಿ, ಅವಳ ಸೋದರಮಾವ ಚಿಕ್ಕಣ್ಣನ ಮನೆಯಲ್ಲಿ ಇಟ್ಟುಕೊಂಡಿದ್ದರು. ಮನೆ ಸ್ಟೇಷನ್ನಿಗೆ ಹತ್ತಿರ. ನಿಂಗರಾಜುವಿನ ಅಕ್ಕ ಭಾವ ಆಗಲೇ ಅಲ್ಲಿಗೆ ಹೋಗಿ ಕೂತಿದ್ದರು. ಇವನು ಕೆಲಸದಿಂದ ನೇರವಾಗಿ ಬಂದು ಮದ್ದೂರಿನಲ್ಲಿ ಇಳಿಯಬೇಕು. ಹುಡುಗಿ ಮತ್ತು ಅವಳ ತಾಯಿ ಸಂಜೆ ಹಲಗೂರಿನ ಬಸ್ಸಿಗೆ ವಾಪಸು ಹೊರಡಬೇಕು. ಅದು ಹೋದರೆ ಆ ಕಡೆಗೆ ನೇರ ಬಸ್ಸಿಲ್ಲ, ಮನೆಯಲ್ಲಿ ಹಸು ಕರೆಯಲು ಬೇರೆ ಯಾರೂ ಇಲ್ಲ. ಗಂಡನ್ನು ನೋಡದೆ ಹೆಣ್ಣಿನ ಕಡೆಯವರು ಎದ್ದು ಹೋದರೆ ಅದನ್ನು ಮತ್ತೆ ಕೂಡಿಸುವುದು ನಮ್ಮ ಕಡೆ ಕಷ್ಟ. ಅವನ ಅಕ್ಕ ಬೆಳಿಗ್ಗೆಯೇ ಸ್ಪೀಕರಿನಲ್ಲಿ ಸಾರಿದ್ದಳು: "ನೋಡ್ಲಾ, ಇದೇ ಕಡೇದು. ಇದೂ ತಪ್ಪೋದ್ರೆ ನಾನಂತೂ ಇನ್ನೊಬ್ರ ಮನೆ ಬಾಗಿಲಿಗೆ ಓಗಕ್ಕಿಲ್ಲ."

ಶನಿವಾರವೆಂದು ನನ್ನ ನೆನಪು, ನಮಗೆಲ್ಲ ಕೆಲಸ ಬೇಗ ಬಿಟ್ಟಿತ್ತು. ಬೇಸಿಗೆ. ಆ ವಾರವೆಲ್ಲ ಮಧ್ಯಾಹ್ನದ ರೈಲುಗಳು ತಡ. ಬಿಸಿಲಿಗೆ ಹಳಿ ಹಿಗ್ಗುತ್ತದೆ, ಹಿಗ್ಗಿ ಸೊಟ್ಟಗಾದರೆ ಅಪಾಯ, ಆದ್ದರಿಂದ ಕೆಲವು ಕಡೆ ನಿಧಾನವಾಗಿ ಓಡಿಸುತ್ತಾರೆ. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಬರುವುದು ಬೇರೆ ಮಾತು. ಕಿಟಕಿಯ ಸರಳು ಮುಟ್ಟುವ ಹಾಗಿರಲಿಲ್ಲ. ಫ್ಯಾನು ಬಿಸಿ ಗಾಳಿಯನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿತ್ತು. ಸೌತೆಕಾಯಿ ಮಾರುವವನು ರಾಮನಗರದಲ್ಲೇ ಬುಟ್ಟಿ ಖಾಲಿ ಮಾಡಿಕೊಂಡು ಇಳಿದುಹೋಗಿದ್ದ.

ಚನ್ನಪಟ್ಟಣದಲ್ಲಿ ರೈಲು ನಿಂತಿದ್ದಾಗ ನಿಂಗರಾಜುವಿನ ಫೋನು ಬಡಿದುಕೊಂಡಿತು.

"ನಾನು ಕನಪ್ಪಾ ಚಿಕ್ಕಣ್ಣ, ಹುಡ್ಗಿ ಮಾವ. ಎಲ್ಲಿಗ್ ಬಂದ್ರಿ?"

"ಮದ್ದೂರು ಬಂತು ಸಾ" ಎಂದ ನಿಂಗರಾಜು. ಯೋಚಿಸಿ ಹೇಳಿದ್ದಲ್ಲ. ಮೊಣಕಾಲಿಗೆ ಸುತ್ತಿಗೆ ತಾಗಿಸಿದರೆ ಕಾಲು ಎಗರುವ ಹಾಗೆ ಬಾಯಿಂದ ಎಗರಿತು. ನಮ್ಮಲ್ಲಿ ಒಬ್ಬರಿಗೂ ಅದು ತಪ್ಪೆನಿಸಲಿಲ್ಲ. ಭಾಗ್ಯಕ್ಕ ದಂಟಿನ ಎಲೆ ಕೀಳುತ್ತಲೇ ಇದ್ದಳು.

"ಅಂಗಾ! ಒಳ್ಳೇದಾಯ್ತು ಬುಡಿ. ನಾನೇ ಸ್ಟೇಷನ್ ತಾವ್ಕೆ ಬತ್ತೀನಿ" ಎಂದು ಚಿಕ್ಕಣ್ಣ ಫೋನಿಟ್ಟರು.

ರೈಲು ಚನ್ನಪಟ್ಟಣ ಬಿಟ್ಟಿತು. ಎತ್ತಿನ ಗಾಡಿಯ ವೇಗಕ್ಕೆ ಬಂತು. ಆಮೇಲೆ ನಡೆಯುವವನ ವೇಗಕ್ಕೆ. ಶೆಟ್ಟಿಹಳ್ಳಿ ಇನ್ನೂ ಬರುವ ಮೊದಲೇ, ಊರೂ ಅಲ್ಲದ ತೋಟವೂ ಅಲ್ಲದ ಒಂದು ಕಡೆ ನಿಂತೇಬಿಟ್ಟಿತು.

"ನೋಡ್ರಪ್ಪಾ" ಎಂದ ಪುಟ್ಟಸ್ವಾಮಿ, "ಕಬ್ಬಿಣಕ್ಕೇ ಬಿಸ್ಲು ತಡಿಯಕ್ಕಾಗಲ್ಲ ಅಂದ್ರೆ ಇನ್ನ ಮನ್ಸರ ಗತಿ ಏನು?"

"ಕಬ್ಬಿಣ ನಿಮ್ಮಂಗೆ ಒಸಿ ಹೊತ್ತಾದ್ರೂ ಬಯ್ಯಕಾಯ್ತದಾ? ಅದ್ಕೇ ಹಿಗ್ಗೋಯ್ತದೆ" ಎಂದಳು ಭಾಗ್ಯಕ್ಕ.

ಮತ್ತೆ ಫೋನು.

"ಏನಪ್ಪಾ, ನಾನು ಸ್ಟೇಷನ್ನಾಗೆ ನಿಂತಿವ್ನಿ. ಇಲ್ಲಿ ಒಂದು ನಾಯಿ ಮಲಗದೆ, ಅದ ಬುಟ್ರೆ ಯಾವ್ ರೈಲೂ ಇಲ್ವಲ್ಲಪ್ಪಾ. ನೀವು ಇಳ್ದಿದ್ದು ಮದ್ದೂರೇ ತಾನೆ?"

ಆಗ ನಮಗೆ ಹೊಳೆಯಿತು. ಹಲಗೂರಿಗೆ ರೈಲಿಲ್ಲ. ಚಿಕ್ಕಣ್ಣನೂ ಅಲ್ಲಿಂದಲೇ ಬಂದು ಮದ್ದೂರಿನಲ್ಲಿ ಅಂಗಡಿ ಇಟ್ಟವರು. ಓಡಾಟವೆಲ್ಲ ಬಸ್ಸು, ಸ್ಕೂಟರು. ಅವರ ಲೋಕದಲ್ಲಿ ಮದ್ದೂರು ಎಂದರೆ ಮದ್ದೂರು. ಪಾಸಿನವರ ಭಾಷೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಿಂಗರಾಜು ನಮ್ಮ ಮುಖ ನೋಡಿದ. ಪುಟ್ಟಸ್ವಾಮಿ ಪಿಸುಗುಟ್ಟಿದ: "ಔಟರ್‌ನಾಗೆ ನಿಂತದೆ ಅನ್ಲಾ."

"ಔಟರಲ್ಲಿ ನಿಂತದೆ ಸಾ."

"ಔಟರು ಅಂದ್ರೆ ಯಾವೂರ್ ತಾವಪ್ಪಾ?"

"ಅದೇ... ಸ್ಟೇಷನ್ನಿಂದ ಆಚೆ. ಇಲ್ಲೇ."

"ಇಲ್ಲೇನಾ? ಅಂಗಾರೆ ಇರಿ ಇರಿ. ರೈಲಿನ್ ಜೊತ್ಗೆ ನೀವ್ಯಾಕ್ ನಿಂತೀರಿ? ನಾನೇ ಹಳಿ ಇಡ್ಕಂಡು ನಡ್ಕಬತ್ತೀನಿ, ಕರ್ಕಂಡೋಯ್ತೀನಿ."

ಫೋನಿನಲ್ಲಿ ಜಲ್ಲಿಕಲ್ಲಿನ ಮೇಲೆ ಚಪ್ಪಲಿ ಒತ್ತುವ ಸದ್ದು ಕೇಳಿತು. ಅಥವಾ ಕೇಳಿತೆಂದು ನಾನು ಈಗ ಸೇರಿಸುತ್ತಿದ್ದೇನೆ. ಆದರೆ ಏದುಸಿರು ನಾವು ಮೂವರೂ ಕೇಳಿದ್ದೇವೆ. ಆ ಬಿಸಿಲಿನಲ್ಲಿ, ಕಾದ ಹಳಿಯ ಪಕ್ಕ, ಇಲ್ಲದ ರೈಲನ್ನು ಹುಡುಕಿಕೊಂಡು ಒಬ್ಬ ವಯಸ್ಸಾದ ಮನುಷ್ಯ ನಡೆಯಲು ಹೊರಟಿದ್ದರು. ಪುಟ್ಟಸ್ವಾಮಿ ಇನ್ನೊಂದು ಉಪಾಯ ಹೇಳಲು ಬಾಯಿ ತೆರೆದ. ಭಾಗ್ಯಕ್ಕ ಸೊಪ್ಪಿನ ಕಟ್ಟಿನಿಂದಲೇ ಅವನ ಮೊಣಕಾಲಿಗೆ ಒಂದು ಕೊಟ್ಟಳು.

"ಬ್ಯಾಡಿ ಮಾವ, ಬರಬ್ಯಾಡಿ!" ಎಂದು ನಿಂಗರಾಜು ಕೂಗಿದ. ಅವಸರದಲ್ಲಿ ಸಾ ಹೋಗಿ ಮಾವ ಬಂದುಬಿಟ್ಟಿತ್ತು. "ನೆಳ್ಳಿಗೋಗಿ ನಿಂತ್ಕಳಿ. ನಾನ್ ಸುಳ್ಳೇಳ್ದೆ. ಔಟರೂ ಇಲ್ಲ, ಮದ್ದೂರೂ ಇಲ್ಲ. ಚನ್ನಪಟ್ಟಣ ಬುಟ್ಟು ಒಂಚೂರು ದೂರ ಬಂದು ನಿಂತದೆ ರೈಲು. ಯಾವಾಗ ಒರಡ್ತದೋ ಗೊತ್ತಿಲ್ಲ."

ಆ ಕಡೆ ಚಪ್ಪಲಿ ನಿಂತಿತು.

"ಸುಳ್ಳು ಯಾಕಪ್ಪಾ ಏಳ್ಬೇಕು?" ಚಿಕ್ಕಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ರೈಲಲ್ಲಿ ಎಲ್ಲಾರೂ ಅಂಗೇ ಏಳೋದು ಮಾವ."

"ಎಲ್ಲಾರೂವೆ?"

ಬೋಗಿಯಲ್ಲಿ ಎಲ್ಲರೂ ಕಿಟಕಿಯ ಆಚೆ ನೋಡಲು ಶುರುಮಾಡಿದೆವು.

ಅಷ್ಟರಲ್ಲಿ ಚಿಕ್ಕಣ್ಣನ ಹಿಂದಿನಿಂದ ಇನ್ನೊಂದು ದನಿ ಬಂತು, ಹೆಣ್ಣುದನಿ: "ಮಾವ, ಛತ್ರಿ ಬುಟ್ಟು ಬಂದ್ಬುಟ್ಟಿದ್ದೀರಲ್ಲಾ, ತಲೆ ಕಾಯ್ತದೆ." ಆಮೇಲೆ, "ಯಾರು, ಅವ್ರಾ? ಏನಂತೆ? ಇಲ್ ಕೊಡಿ." ಪವಿತ್ರ ಛತ್ರಿ ಹಿಡಿದುಕೊಂಡು ಮಾವನ ಹಿಂದೆ ಸ್ಟೇಷನ್ನಿಗೆ ಬಂದಿದ್ದಳು. ಫೋನು ಅವಳ ಕೈಗೆ ಹೋಯಿತು. ಸುಳ್ಳಿನ ಸಮಾಚಾರವೂ ಅದರ ಜೊತೆ ಹೋಯಿತು, ಚಿಕ್ಕಣ್ಣ ಪಕ್ಕದಲ್ಲಿ ಹೇಳುತ್ತಿದ್ದುದು ನಮಗೆ ಕೇಳಿಸುತ್ತಿತ್ತು.

"ಈಗ ನಿಜವಾಗ್ಲೂ ಎಲ್ಲಿದ್ದೀರಿ?"

"ಶೆಟ್ಟಳ್ಳಿಗಿಂತ ಈಚೆ."

"ಅದ್ನ ನಾನು ಎಂಗ್ ನಂಬದು? ಕಿಟಕೀಲಿ ಏನ್ ಕಾಣ್ತದೆ, ಹೇಳಿ."

ನಿಂಗರಾಜು ಕಿಟಕಿಗೆ ಮುಖವಿಟ್ಟ. "ಕಬ್ಬಿನ ಗದ್ದೆ."

"ಕಬ್ಬು ಎಲ್ಲಾ ಕಡೆ ಅದೆ. ಇನ್ನೇನು?"

"ತೆಂಗಿನ ಮರ. ಗರಿ ಒಣಗಿ ಜೋತಾಡ್ತಾವೆ."

"ಅದೂ ಎಲ್ಲಾ ಕಡೆ ಅದೆ."

ಅವನು ಎದ್ದು ಬಾಗಿಲಿಗೆ ಹೋದ. ನಾವೂ ಎದ್ದು ಹಿಂದೆ ಹೋದೆವು. ಹಳಿಯ ಪಕ್ಕದಲ್ಲಿ ರೈಲ್ವೆಯ ಕೆಲಸದವರೊಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಒಬ್ರು ಕೂತವ್ರೆ. ಟವೆಲ್ ನೆನ್ಸಿ ತಲೆ ಮ್ಯಾಲೆ ಹಾಕವ್ರೆ, ನೀರು ಬೆನ್ನಿಗೆ ಇಳೀತಾ ಅದೆ. ಕಂಕಳಾಗೆ ಕೆಂಪು ಬಾವುಟ. ಪಕ್ಕದ್ ಹಳಿ ಮುಟ್ ನೋಡ್ತಾವ್ರೆ, ಜ್ವರ ಬಂದೋರ ಹಣೆ ಮುಟ್ಟಿ ನೋಡ್ದಂಗೆ."

ಇಲ್ಲಿ ನಿಲ್ಲಬೇಕು. ಈ ಜ್ವರದ ಮಾತು ನಿಂಗರಾಜುವಿನದು ಎಂದು ನಾನು ಬರೆದಿದ್ದೇನೆ. ಅದು ತನ್ನ ಮಾತು, ತಾನು ಹಿಂದಿನಿಂದ ಹೇಳಿಕೊಟ್ಟದ್ದು, ಜ್ವರ ನೋಡುವುದು ತನ್ನ ಕೆಲಸ ಎಂದು ಭಾಗ್ಯಕ್ಕ ವಾದಿಸುತ್ತಾಳೆ. ಹಳಿ ಮುಟ್ಟಿದ್ದನ್ನೇ ತಾನು ನೋಡಲಿಲ್ಲ, ಆ ಮನುಷ್ಯ ಬೀಡಿ ಹಚ್ಚುತ್ತಿದ್ದ ಎಂದು ಪುಟ್ಟಸ್ವಾಮಿ. ನಿಂಗರಾಜುವನ್ನು ಕೇಳಿದರೆ, "ನಂಗೇನ್ ಗೊತ್ತಣ್ಣ, ಆಗ ನನ್ ಕಣ್ಣೇ ಕಾಣ್ತಿರ್ಲಿಲ್ಲ" ಎನ್ನುತ್ತಾನೆ. ನನಗೆ ಅದು ಅವನ ಬಾಯಲ್ಲೇ ಇರಲಿ ಅನಿಸುತ್ತದೆ. ಅದಕ್ಕೆ ಆಧಾರವಿಲ್ಲ.

ಪವಿತ್ರ ಕಿಟಕಿಯ ಮಾತು ಬಿಟ್ಟು ಬೇರೆಯದನ್ನೇ ಕೇಳಿದಳು. "ಮಧ್ಯಾಹ್ನ ಉಂಡ್ರಾ?"

"ಇಲ್ಲ."

"ಯಾಕೆ?"

"ಎದ್ರಿಕೆ."

ನಮ್ಮ ಹಿಂದೆ ಯಾರೋ ಕಿಸಕ್ಕೆಂದರು. ಆ ಕಡೆ ನಗು ಬರಲಿಲ್ಲ. "ನಮ್ ಬಸ್ಸಿಗೆ ಹೊತ್ತಾಯ್ತಾ ಅದೆ. ಅವ್ವ ಆಗ್ಲೇ ಚೀಲ ಕೈಗೆತ್ಕಂಡವ್ರೆ. ನೋಡಣ" ಎಂದಳು. ಫೋನು ಕಟ್ಟಾಯಿತು.

ನಿಂಗರಾಜು ಬಂದು ಕೂತ. ರೈಲನ್ನು ಬಯ್ಯುವುದಕ್ಕೂ ಯಾರಿಗೂ ಮನಸ್ಸಿರಲಿಲ್ಲ, ಪುಟ್ಟಸ್ವಾಮಿಗೂ. ಬಿಸಿಲಿನಲ್ಲಿ ನಿಂತ ರೈಲಿನೊಳಗೆ ಒಂದು ವಿಚಿತ್ರ ಶಾಂತಿ ಇರುತ್ತದೆ. ಎಷ್ಟು ಬೈದರೂ ಒಂದು ಗಾಲಿ ಉರುಳುವುದಿಲ್ಲ ಎಂದು ಒಪ್ಪಿಕೊಂಡ ಮೇಲೆ ಬರುವಂಥದು. ನೀರಿನ ಬಾಟಲಿ ಕೈಯಿಂದ ಕೈಗೆ ಹೋಗಿ ಬೆಚ್ಚಗೆ ವಾಪಸು ಬಂತು. ಎದುರಿನ ಸೀಟಿನ ಹೆಂಗಸು ತನ್ನ ಮನೆಗೆ ಫೋನು ಮಾಡಿ, "ಚನ್ನಪಟ್ಣದ ತಾವ ನಿಂತಿದ್ದೀವಿ, ನೀವ್ ಉಂಡ್ಬುಡಿ" ಎಂದಳು. ಹೇಳಿದ ಮೇಲೆ ತಾನೇ ಆಶ್ಚರ್ಯಪಟ್ಟು ಫೋನನ್ನು ನೋಡಿಕೊಂಡಳು.

ಕೊನೆಗೂ ಬೋಗಿ ಒಮ್ಮೆ ಜಗ್ಗಿತು. ಹಸಿಯಾದ ನೆಲದ ಮೇಲೆ ಕಾಲಿಡುವವರಂತೆ ರೈಲು ಮುಂದೆ ಸರಿಯಿತು. ತಲೆಗೆ ಟವೆಲು ಹಾಕಿಕೊಂಡವರು ನಮ್ಮ ಕಿಟಕಿಯ ಕೆಳಗೆ ಹಿಂದಕ್ಕೆ ಹೋದರು. ಶೆಟ್ಟಿಹಳ್ಳಿ ದಾಟಿದ ಮೇಲೆ ಪುಟ್ಟಸ್ವಾಮಿ ಜೇಬಿನಿಂದ ಬಾಚಣಿಗೆ ತೆಗೆದು ನಿಂಗರಾಜುವಿನ ಕೈಗಿಟ್ಟ. ಯಾರೋ ಪೌಡರು ಕೊಟ್ಟರು. ಬೆವರಿನ ಮೇಲೆ ಅದು ಹಿಟ್ಟಾಗಿ ಕೂತಿತು. ಭಾಗ್ಯಕ್ಕ ಕರ್ಚೀಪು ನೆನೆಸಿ ಅವನ ಮುಖವನ್ನು ಒರೆಸಲು ಹೋಗಿ ಅರ್ಧ ಪೌಡರು ಉಳಿಸಿದಳು. "ಬುಡಕ್ಕ" ಎಂದ ಅವನು, "ಬಸ್ಸು ಓಗಿರ್ತದೆ. ಅವ್ರೂ ಓಗಿರ್ತಾರೆ."

"ಓಗಿದ್ರೆ ಓಗ್ಲಿ. ನೀನು ಮಾವನ್ ಮನ್ಗೋಗಿ ಕೈ ಮುಗ್ದು ತಪ್ಪಾಯ್ತು ಅನ್ನು. ಅಷ್ಟ್ ಮಾಡು" ಎಂದಳು ಭಾಗ್ಯಕ್ಕ.

ಮದ್ದೂರು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ತಟ್ಟೆಯಲ್ಲಿ ವಡೆ ಹೊತ್ತವರು ಬೋಗಿಯಿಂದ ಬೋಗಿಗೆ ಓಡುತ್ತಿದ್ದರು. ನಿಂಗರಾಜು ಇಳಿದ, ಅವನ ಜೊತೆ ಒಂದು ಊರಿನಷ್ಟು ಜನ ಇಳಿದರು. ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು, ಯಾರು ಗಂಡು ಯಾರು ನೆಂಟ ಎಂದು ಗುರುತಿಸುವ ಹಾಗಿರಲಿಲ್ಲ. ನಾವು ಬಾಗಿಲಿಗೆ ಒತ್ತಿಕೊಂಡು ನಿಂತೆವು.

ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಬಿಳಿ ಪಂಚೆಯ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡ ಒಬ್ಬ ಹೆಂಗಸು. ಅವರ ಹಿಂದೆ, ಮಡಚಿದ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಒಬ್ಬ ಹುಡುಗಿ. ಸೀರೆಯ ಬಣ್ಣ ಹಸಿರು ಎಂದು ಭಾಗ್ಯಕ್ಕ, ನೀಲಿ ಎಂದು ಪುಟ್ಟಸ್ವಾಮಿ, ಅದು ಸೀರೆಯೇ ಅಲ್ಲ ಚೂಡಿದಾರ್ ಎಂದು ನಾನು. ಬೆಂಚಿನವರಿಗೆ ನಿಂಗರಾಜು ಸಿಗಲಿಲ್ಲ. ಅವರು ತಪ್ಪಿ ಇನ್ನಾರಿಗೋ ಕೈ ಮುಗಿಯುತ್ತಿದ್ದರು. ಹುಡುಗಿ ಜನರನ್ನು ಸರಿಸಿಕೊಂಡು ನೇರವಾಗಿ ಬಂದು, ಅರ್ಧ ಪೌಡರಿನ ಒಂದು ಮುಖದ ಮುಂದೆ ನಿಂತಳು. ಅವನು ಎರಡೂ ಕೈ ಜೋಡಿಸಿದ, ಏನೋ ಹೇಳಲು ಹೊರಟ, ತಡವರಿಸಿದ.

ಅಷ್ಟರಲ್ಲಿ ರೈಲು ಕದಲಿತು. ಅವಳ ಬೆರಳು ನಲ್ಲಿಯ ಕಡೆ ತೋರಿಸಿತು. ಗಾಲಿಗಳ ಸದ್ದಿನಲ್ಲಿ ಅವಳ ಮಾತು ಇಷ್ಟೇ ಕೇಳಿಸಿತು, ಮತ್ತು ಇದೊಂದರ ಬಗ್ಗೆ ನಮ್ಮ ಮೂವರಲ್ಲೂ ತಕರಾರಿಲ್ಲ:

"ಮುಖ ತೊಳ್ಕಂಡು ನಿಧಾನ್ವಾಗಿ ಬನ್ನಿ. ಬಸ್ಸು ಓಯ್ತು."